ತನ್ನ ಕಾಲ ಮೇಲೆ ನಿಲ್ಲುವುದು

ನಮ್ಮ ನುಡಿಯಲ್ಲಿ ಕೆಲವು ಮಾತುಗಳು ದಿನನಿತ್ಯದ ಬಳಕೆಯಿಂದ ಸವೆದು ಹೋಗಿರುತ್ತವೆ. ಆಡುವವರು ಅವುಗಳ ಅರ್ಥವನ್ನು ಯೋಚಿಸಿ ಆಡುವುದಿಲ್ಲ. ಕೇಳುವವರೂ ಯೋಚಿಸಿ ಕೇಳುವುದಿಲ್ಲ. 'ತನ್ನ ಕಾಲ ಮೇಲೆ ತಾನು ನಿಲ್ಲಬೇಕು' ಎಂಬುದು ಅಂಥ ಮಾತುಗಳಲ್ಲಿ ಒಂದು. ಮಗ ಓದು ಮುಗಿಸಿ ನೌಕರಿಗೆ ಸೇರಿದರೆ, "ಸದ್ಯ, ತನ್ನ ಕಾಲ ಮೇಲೆ ತಾನು ನಿಂತ" ಎಂದು ತಂದೆ ನೆಮ್ಮದಿಯ ಉಸಿರು ಬಿಡುತ್ತಾನೆ. ಮಗಳು ಹೊಲಿಗೆಯನ್ನೋ ಲೆಕ್ಕಪತ್ರವನ್ನೋ ಕಲಿತು ನಾಲ್ಕು ಕಾಸು ಸಂಪಾದಿಸಿದರೆ ತಾಯಿಯೂ ಅದೇ ಮಾತನ್ನು ಆಡುತ್ತಾಳೆ. ಮಾತು ಒಳ್ಳೆಯದೇ. ಆದರೆ ಕಾಲೇ ಇಲ್ಲದವರು ಏನು ಮಾಡಬೇಕು? ಕಾಲಿದ್ದೂ ದಾರಿ ಕಾಣದವರು? ದಾರಿ ಕಂಡರೂ ಅದು ಎಲ್ಲಿಗೆ ಹೋಗುತ್ತದೆಂಬುದು ಬುದ್ಧಿಗೆ ನಿಲುಕದವರು? ಅವರಿಗೆ ಈ ಮಾತು ಸಲ್ಲುವುದೇ, ಸಲ್ಲದೇ?

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿರುವ ಯಲಹಂಕದಲ್ಲಿ ಬಹುಕಾಲದಿಂದ ವಾಸವಾಗಿರುವ ನಾನು ಈ ಪ್ರಶ್ನೆಯನ್ನು ಪುಸ್ತಕದಿಂದ ಪಡೆಯಲಿಲ್ಲ. ನೆರೆಹೊರೆಯಲ್ಲಿ, ರೈಲು ನಿಲ್ದಾಣದಲ್ಲಿ, ಬಸ್ಸಿನಲ್ಲಿ ಕಂಡ ಕೆಲವರ ಬಾಳನ್ನು ನೋಡುತ್ತ ಅದು ನನ್ನೊಳಗೆ ಬೆಳೆಯಿತು. ನೋಡುತ್ತ ಹೋದಂತೆ ಇನ್ನೊಂದು ಸಂಗತಿಯೂ ಹೊಳೆಯಿತು. ನಾವೆಲ್ಲ ನಿಜವಾಗಿ ನಮ್ಮ ಕಾಲ ಮೇಲೆ ನಿಂತಿರುವೆವೇ? ಬೆಳಿಗ್ಗೆ ಎದ್ದು ಕುಡಿಯುವ ಹಾಲನ್ನು ಯಾರೋ ಕರೆದಿರುತ್ತಾರೆ. ಉಣ್ಣುವ ರಾಗಿಯನ್ನು ಯಾರೋ ಬೆಳೆದಿರುತ್ತಾರೆ. ದೀಪ ಉರಿಯಲು ಯಾರೋ ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾರೆ. ಈ ನೆರವುಗಳೆಲ್ಲ ಒಂದು ಏರ್ಪಾಡಿನೊಳಗೆ ಅಡಗಿರುವುದರಿಂದ ಅವು ನಮ್ಮ ಕಣ್ಣಿಗೆ ನೆರವೆಂದು ಕಾಣುವುದಿಲ್ಲ. ಯಾರ ಮುಂದೆಯೂ ಕೈಯೊಡ್ಡದೆ ಅವನ್ನು ಪಡೆಯುತ್ತೇವೆ. ಪಡೆದು, ನಾವು ಸ್ವತಂತ್ರರೆಂದು ಹೇಳಿಕೊಳ್ಳುತ್ತೇವೆ. ಅಂಗವಿಕಲನಿಗಾದರೋ ಸಣ್ಣ ನೆರವಿಗೂ ಒಬ್ಬರನ್ನು ಕೂಗಬೇಕು, ಕಾಯಬೇಕು, ಕೃತಜ್ಞತೆಯ ನಗೆ ನಗಬೇಕು. ಅವನಿಗೂ ನಮಗೂ ಇರುವ ಅಂತರ ಮುಖ್ಯವಾಗಿ ಇದೇ ಎಂದು ನನಗೆ ತೋರುತ್ತದೆ.

ಇವರ ಸಂಖ್ಯೆ ಸಣ್ಣದಲ್ಲ. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರನ್ನು ಎಣಿಸಲಾಯಿತು. ಕರ್ನಾಟಕವೊಂದರಲ್ಲೇ ಸುಮಾರು 13 ಲಕ್ಷ 24 ಸಾವಿರ ಮಂದಿ. ಹಿಂದೆ ಇವರನ್ನು ಕುಂಟ, ಕುರುಡ, ಕಿವುಡ, ಪೆದ್ದ ಎಂದು ಕರೆಯಲು ಜನ ಹಿಂಜರಿಯುತ್ತಿರಲಿಲ್ಲ. ಈಗ ನಮ್ಮ ಸರ್ಕಾರದ ಇಲಾಖೆಯ ಹೆಸರಿನಲ್ಲಿಯೇ 'ವಿಕಲಚೇತನರು' ಎಂಬ ಪದವಿದೆ. ಪದ ಬದಲಾದದ್ದು ಸಂತೋಷ. ಆದರೆ ಗೌರವದ ಪದದಿಂದ ಕರೆಸಿಕೊಂಡವನು ಕಚೇರಿಯ ಮೆಟ್ಟಿಲನ್ನು ಏರಲಾಗದೆ ಕೆಳಗೆ ನಿಂತಿದ್ದರೆ ಅವನಿಗೆ ಪದದಿಂದ ಆದ ಪ್ರಯೋಜನವೇನು?

ನೆರವು ಏರ್ಪಾಡಿನೊಳಗೆ ಅಡಗುವುದೆಂದರೆ ಏನೆಂಬುದಕ್ಕೆ ನಾನು ಕಂಡ ಒಂದು ಕೈಗಡಿಯಾರವನ್ನು ನಿದರ್ಶನವಾಗಿ ಹೇಳಬಹುದು. ಯಲಹಂಕದಿಂದ ಯಶವಂತಪುರಕ್ಕೆ ಹೋಗುವ ರೈಲಿಗಾಗಿ ಕಾಯುತ್ತಿದ್ದಾಗ ಅಂಧರೊಬ್ಬರು ಆಗಾಗ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. ಒಂದು ಕಚೇರಿಯಲ್ಲಿ ದೂರವಾಣಿ ನಿರ್ವಾಹಕರ ಕೆಲಸ ಅವರದು. ಅವರು ಮಣಿಕಟ್ಟಿನ ಗಡಿಯಾರದ ಗಾಜಿನ ಮುಚ್ಚಳವನ್ನು ತೆರೆದು, ಮುಳ್ಳುಗಳ ಮೇಲೆ ಬೆರಳನ್ನು ಹಗುರವಾಗಿ ಆಡಿಸಿ, "ರೈಲು ಆಗಲೇ ಏಳು ನಿಮಿಷ ತಡ" ಎನ್ನುತ್ತಿದ್ದರು. ಅಂಕಿಗಳಿರಬೇಕಾದ ಜಾಗದಲ್ಲಿ ಉಬ್ಬಿದ ಚುಕ್ಕೆಗಳು. ಬೆರಳು ತಾಗಿದರೆ ಅಲುಗದಂಥ ಗಟ್ಟಿ ಮುಳ್ಳುಗಳು. ಕಣ್ಣಿದ್ದೂ ಗಡಿಯಾರ ಮರೆತು ಬಂದವರು ಎಷ್ಟೋ ಸಲ ಅವರನ್ನೇ, "ಗಂಟೆ ಎಷ್ಟು, ಸಾರ್?" ಎಂದು ಕೇಳುತ್ತಿದ್ದರು. ಆಗ ಅವರ ಮುಖದಲ್ಲಿ ಮೂಡುತ್ತಿದ್ದ ತುಂಟ ನಗೆಯನ್ನು ನೋಡಬೇಕಾಗಿತ್ತು.

ಆ ಗಡಿಯಾರ ದೂರದೇಶದಿಂದ ಬಂದುದಲ್ಲ. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಗಡಿಯಾರ ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ. ಸಂಸ್ಥೆಯದು. ದೇಶಕ್ಕೆಲ್ಲ ಗಡಿಯಾರ ಕಟ್ಟಿದ ಆ ಸಂಸ್ಥೆ ಅಂಧರಿಗಾಗಿಯೂ ಬ್ರೈಲ್ ಗಡಿಯಾರವನ್ನು ತಯಾರಿಸಿತು. ಗಡಿಯಾರದ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಆದರೆ ಅದು ಕೊಟ್ಟ ಪಾಠ ಉಳಿದಿದೆ. ಆ ಗಡಿಯಾರ ನನ್ನ ಮಿತ್ರರಿಗೆ ಕಣ್ಣನ್ನು ಕೊಡಲಿಲ್ಲ. ಹೊತ್ತೆಷ್ಟೆಂದು ಇನ್ನೊಬ್ಬರನ್ನು ಕೇಳುವ ಹಂಗನ್ನು ತಪ್ಪಿಸಿತು. ಕೆಲಸಕ್ಕೆ ಸರಿಯಾದ ವೇಳೆಗೆ ಹೋಗುವವನಿಗೆ ಅದು ಸಣ್ಣ ಉಪಕಾರವಲ್ಲ.

ಆ ಚುಕ್ಕೆಗಳ ಲಿಪಿಯನ್ನು ರೂಪಿಸಿದವನೂ ಅಂಧನೇ ಎಂಬುದನ್ನು ನಾವು ಮರೆಯಬಾರದು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ತನ್ನ ಪದ್ಧತಿಯನ್ನು 1829ರಲ್ಲಿ ಪ್ರಕಟಿಸಿದಾಗ ಅವನಿಗೆ ಇಪ್ಪತ್ತು ವರ್ಷ. ಆರು ಚುಕ್ಕೆಗಳ ಆ ಚೌಕಟ್ಟಿನೊಳಗೆ ಇಂದು ಕನ್ನಡವೂ ಸೇರಿದಂತೆ ಜಗತ್ತಿನ ಎಷ್ಟೋ ಭಾಷೆಗಳು ಅಡಗಿವೆ. ನಮ್ಮ ಕಾಲಕ್ಕೆ ಬಂದರೆ, ಗಣಕಯಂತ್ರದ ತೆರೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಬಂದಿವೆ. ಅವುಗಳಲ್ಲಿ ಉಚಿತವಾಗಿ ದೊರೆಯುವ ಒಂದನ್ನು 2006ರಲ್ಲಿ ಬರೆಯತೊಡಗಿದವರು ಆಸ್ಟ್ರೇಲಿಯದ ಅಂಧ ತರುಣರು. ಅಂಥ ಸಾಧನಗಳ ಬಲದಿಂದ ಇಂದು ದೃಷ್ಟಿಯಿಲ್ಲದವರು ಬ್ಯಾಂಕುಗಳಲ್ಲಿ, ಕಂಪನಿಗಳಲ್ಲಿ ಇತರರ ಸಮಕ್ಕೆ ಕುಳಿತು ದುಡಿಯುತ್ತಿದ್ದಾರೆ. ತಮಗೆ ಬೇಕಾದುದು ಏನೆಂಬುದನ್ನು ಬೇಕಾದವರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲರು.

ಈ ಮಾತನ್ನು ಸಾಧಿಸಿ ತೋರಿಸಿದವರಲ್ಲಿ ಅಮೆರಿಕದ ಎಡ್ ರಾಬರ್ಟ್ಸ್ ಪ್ರಮುಖರು. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಅವರ ಕೊರಳ ಕೆಳಗಿನ ದೇಹ ಬಹುಮಟ್ಟಿಗೆ ಜಡವಾಯಿತು. ಉಸಿರಾಟಕ್ಕೂ ಯಂತ್ರ ಬೇಕಾಯಿತು. ಕೆಲಸ ಮಾಡಲು ಇವರು ತೀರ ಅಶಕ್ತರೆಂದು ಹೇಳಿ ಕ್ಯಾಲಿಫೋರ್ನಿಯದ ಪುನರ್ವಸತಿ ಇಲಾಖೆ ಮೊದಲು ಅವರಿಗೆ ನೆರವನ್ನು ನಿರಾಕರಿಸಿತು. ಅವರು ಹೋರಾಡಿ ಓದಿದರು. 1972ರಲ್ಲಿ ಬರ್ಕ್ಲಿ ನಗರದಲ್ಲಿ ಅಂಗವಿಕಲರೇ ನಡೆಸುವ ಸ್ವತಂತ್ರ ಜೀವನ ಕೇಂದ್ರವೊಂದನ್ನು ಸಂಗಡಿಗರೊಡನೆ ಕಟ್ಟಿದರು. 1975ರಲ್ಲಿ, ಒಮ್ಮೆ ತಮ್ಮನ್ನು ತಿರಸ್ಕರಿಸಿದ್ದ ಅದೇ ಇಲಾಖೆಗೆ ನಿರ್ದೇಶಕರಾಗಿ ನೇಮಕಗೊಂಡರು. ಅವರಿಗೆ ಅಂಗಿ ತೊಡಿಸಲು, ಊಟ ಮಾಡಿಸಲು ಕೊನೆಯವರೆಗೂ ಬೇರೊಬ್ಬರು ಬೇಕಾಗಿತ್ತು. ಆದರೂ ಅವರು ಸ್ವತಂತ್ರರಾಗಿದ್ದರು. ಏಕೆಂದರೆ ಯಾವ ಅಂಗಿ ತೊಡಬೇಕು, ಯಾವ ಹೊತ್ತಿಗೆ ಏಳಬೇಕು, ದಿನವನ್ನು ಹೇಗೆ ಕಳೆಯಬೇಕು ಎಂಬುದನ್ನು ಅವರೇ ನಿರ್ಧರಿಸುತ್ತಿದ್ದರು. ಎಲ್ಲವನ್ನೂ ಸ್ವಂತ ಕೈಯಿಂದ ಮಾಡುವುದೊಂದೇ ಸ್ವಾತಂತ್ರ್ಯವಲ್ಲ. ತನ್ನ ಬಾಳಿನ ತೀರ್ಮಾನ ತನ್ನದಾಗಿರುವುದು ಸ್ವಾತಂತ್ರ್ಯ.

ಇದಕ್ಕೆ ಸಮುದ್ರದಾಚೆಯ ಉದಾಹರಣೆಯೇ ಬೇಕೆಂದಿಲ್ಲ. ಬರ್ಕ್ಲಿಯ ಕೇಂದ್ರ ಹುಟ್ಟುವುದಕ್ಕೆ ಹದಿಮೂರು ವರ್ಷ ಮೊದಲೇ, 1959ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯೊಂದನ್ನು ಆರಂಭಿಸಿದರು. ಅವರು ಸ್ವತಃ ಪೋಲಿಯೋದಿಂದ ಅಂಗವಿಕಲರಾದವರು. ಮುಂದೆ ಲಿಂಗರಾಜಪುರದಲ್ಲಿ ನೆಲೆಗೊಂಡ ಆ ಸಂಸ್ಥೆಯನ್ನು ಇಂದು ಜನ ಎ.ಪಿ.ಡಿ. ಎಂದು ಕರೆಯುತ್ತಾರೆ. ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕಸುಬಿನ ತರಬೇತಿ, ನಡೆಯಲಾರದವರಿಗೆ ಊರುಗೋಲು, ಗಾಲಿಕುರ್ಚಿ ಮೊದಲಾದ ಸಾಧನಗಳು: ಹೀಗೆ ಅದರ ಕೆಲಸ ಹಬ್ಬಿತು.

ಆ ಸಂಸ್ಥೆಯ ಕೆಲಸಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ತೋಟಗಾರಿಕೆಯ ತರಬೇತಿ. ಜೀವನ್ ಭೀಮಾ ನಗರದಲ್ಲಿಯೂ, ನಮ್ಮ ಉತ್ತರದ ದಿಕ್ಕಿನಲ್ಲಿ ಹೆಣ್ಣೂರಿನಾಚೆಯ ಕೈಲಾಸನಹಳ್ಳಿಯಲ್ಲಿಯೂ ಅದಕ್ಕೆ ತೋಟಗಳಿವೆ. ಅಂಗವಿಕಲರಿಗೆ ಮಣ್ಣಿನ ಕೆಲಸವೇ ಎಂದು ಕೆಲವರಿಗೆ ಆಶ್ಚರ್ಯವಾಗಬಹುದು. ಯೋಚಿಸಿ ನೋಡಿದರೆ ಇದರಷ್ಟು ಹೊಂದುವ ಕೆಲಸ ವಿರಳ. ನರ್ಸರಿಯ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಬಹುದು. ಒಬ್ಬನು ಕೆಮ್ಮಣ್ಣು, ಮರಳು, ಗೊಬ್ಬರಗಳನ್ನು ಬೆರೆಸಬಹುದು. ಒಬ್ಬನು ಚೀಲಕ್ಕೆ ತುಂಬಬಹುದು. ಒಬ್ಬಳು ಕಡ್ಡಿ ಕತ್ತರಿಸಿ ನೆಡಬಹುದು. ಇನ್ನೊಬ್ಬಳು ನೀರು ಹಾಕಬಹುದು. ಕಿವಿ ಕೇಳದಿರುವುದು ಇಲ್ಲಿ ಅಡ್ಡಿಯಲ್ಲ. ಬಗ್ಗಲಾರದವನಿಗೆ ಮಡಿಯನ್ನೇ ಸೊಂಟದ ಎತ್ತರಕ್ಕೆ ಕಟ್ಟಿಕೊಟ್ಟರೆ ಗಾಲಿಕುರ್ಚಿಯಲ್ಲಿ ಕುಳಿತೇ ಸಸಿ ನೆಡುತ್ತಾನೆ. ಬುದ್ಧಿ ನಿಧಾನವಾದವನಿಗೆ ದಿನವೂ ಒಂದೇ ಕ್ರಮದಲ್ಲಿ ಬರುವ ಕೆಲಸ ಹಿತವೆನಿಸುತ್ತದೆ. ನೆಟ್ಟವನು ಯಾರೆಂದು ಗಿಡ ಕೇಳುವುದಿಲ್ಲ. ಹೂ ಬಿಟ್ಟ ಮೇಲೆ ಕೊಳ್ಳುವವನೂ ಕೇಳಬೇಕಾಗಿಲ್ಲ.

ಕನ್ನಡ ನಾಡಿನಲ್ಲಿ ಈ ವಿಚಾರ ಇನ್ನೂ ಹಳೆಯದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕೇಳರಿಯದವರು ಕಡಮೆ. ಪಂಚಾಕ್ಷರಿ ಗವಾಯಿಗಳು ಅಂಧರು; 1944ರಲ್ಲಿ ಅವರು ಕಾಲವಾದ ಬಳಿಕ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. 2010ರಲ್ಲಿ ತಾವು ಕಣ್ಮರೆಯಾಗುವವರೆಗೆ ಪುಟ್ಟರಾಜರು ಅಸಂಖ್ಯ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. ಆಶ್ರಮದ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಅಲ್ಲಿ ಅನ್ನದಾನ ನಡೆಯಿತು, ನಿಜ. ಆದರೆ ಅದರ ಜೊತೆಗೆ ವಿದ್ಯೆಯೂ ನಡೆಯಿತು. ಹಾಡಲು, ಹಾರ್ಮೋನಿಯಂ, ತಬಲ ನುಡಿಸಲು ಕಲಿತ ಹುಡುಗ ಊರಿಗೆ ಹಿಂದಿರುಗಿದಾಗ ಕುರುಡನಾಗಿ ಹಿಂದಿರುಗಲಿಲ್ಲ, ಗವಾಯಿಯಾಗಿ ಹಿಂದಿರುಗಿದ. ಅವನ ಹೆಸರಿನ ಹಿಂದೆ ಒಂದು ಕಸುಬು ಬಂತು. ಕಸುಬು ಬಂದೊಡನೆ ಊರು ಅವನನ್ನು ನೋಡುವ ಕಣ್ಣೂ ಬದಲಾಯಿತು.

ದುಡಿಮೆಯ ಮಹಿಮೆ ಇದು. ಸಂಬಳದಿಂದ ಹೊಟ್ಟೆ ತುಂಬುವುದು ಒಂದು ಭಾಗ ಮಾತ್ರ. ಬೆಳಿಗ್ಗೆ ಹೋಗಲು ಒಂದು ಜಾಗ, ತಾನು ಬಾರದಿದ್ದರೆ 'ಏಕೆ ಬರಲಿಲ್ಲ' ಎಂದು ಕೇಳುವ ನಾಲ್ಕು ಜನ, ತಿಂಗಳ ಕೊನೆಗೆ ತನ್ನದೆಂದು ಎಣಿಸಿಕೊಳ್ಳುವ ಹಣ, ಇವು ಮನುಷ್ಯನ ಬೆನ್ನನ್ನು ನೆಟ್ಟಗೆ ಮಾಡುತ್ತವೆ. ಬೆಂಗಳೂರಿನ ಮಾಲತಿ ಹೊಳ್ಳ ಅವರಿಗೆ ಮಗುವಾಗಿದ್ದಾಗಲೇ ಪೋಲಿಯೋ ತಗುಲಿತು. ಅವರು ಓದಿ, ಅಂದಿನ ಸಿಂಡಿಕೇಟ್ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ದುಡಿಯುತ್ತಲೇ ಕ್ರೀಡೆಯಲ್ಲಿ ದೇಶವಿದೇಶಗಳ ಪದಕಗಳನ್ನು ಗೆದ್ದರು. 2001ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ಅಂಗವಿಕಲ ಮಕ್ಕಳಿಗಾಗಿ ಮಾತೃ ಪ್ರತಿಷ್ಠಾನವನ್ನು ಕಟ್ಟಿದರು. ಶೈಶವದಲ್ಲಿಯೇ ಪೋಲಿಯೋಗೆ ತುತ್ತಾದ ಕೆ.ಎಸ್. ರಾಜಣ್ಣ ಅವರು ನಮ್ಮ ರಾಜ್ಯದ ಅಂಗವಿಕಲರ ಆಯುಕ್ತರಾಗಿದ್ದವರು. ಅವರಿಗೆ 2024ರಲ್ಲಿ ಪದ್ಮಶ್ರೀ ದೊರೆಯಿತು. ಇಂಥವರ ಹೆಸರನ್ನು ಕೇಳಿದಾಗ ನಮಗೆ ಅಭಿಮಾನವಾಗುವುದು ಸಹಜ. ಆದರೆ ಅಸಾಧಾರಣರಾದವರು ಎಲ್ಲಿಯೂ ಕೆಲವರೇ. ಪದಕವನ್ನಾಗಲಿ ಪ್ರಶಸ್ತಿಯನ್ನಾಗಲಿ ಪಡೆಯದ, ಪತ್ರಿಕೆಯಲ್ಲಿ ಎಂದೂ ಹೆಸರು ಬಾರದ ಸಾಮಾನ್ಯ ಅಂಗವಿಕಲನೂ ಸಾಮಾನ್ಯವಾಗಿ ಬಾಳಬಲ್ಲನೇ ಎಂಬುದು ನಾಡಿನ ನಿಜವಾದ ಪರೀಕ್ಷೆ.

ಕಾನೂನು ಈ ದಿಕ್ಕಿನಲ್ಲಿ ನಿಧಾನವಾಗಿ ಹೆಜ್ಜೆಯಿಟ್ಟಿದೆ. ವಿಶ್ವಸಂಸ್ಥೆ 1981ನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಸಾರಿತು. ನಮ್ಮಲ್ಲಿ 1995ರ ಕಾಯಿದೆಯು ಸರ್ಕಾರಿ ಹುದ್ದೆಗಳಲ್ಲಿ ಶೇಕಡ 3ರಷ್ಟನ್ನು ಮೀಸಲಿಟ್ಟಿತು. ಅಂದು ಆ ಮೀಸಲಾತಿ ದೃಷ್ಟಿ, ಶ್ರವಣ ಮತ್ತು ಚಲನೆಯ ತೊಂದರೆ ಇರುವವರಿಗೆ ಮಾತ್ರ. 2016ರ ಹೊಸ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿತು. ಮೀಸಲಾತಿಯನ್ನು ಶೇಕಡ 4ಕ್ಕೆ ಏರಿಸಿತು. ಹೀಗೆ ಹೆಚ್ಚಿದ ಶೇಕಡ ಒಂದು ಭಾಗ ಬಹು ಮಹತ್ವದ್ದು. ಏಕೆಂದರೆ ಆಟಿಸಂ, ಬುದ್ಧಿಯ ನ್ಯೂನತೆ, ಮಾನಸಿಕ ಕಾಯಿಲೆ ಇರುವವರಿಗೂ ಅದರಲ್ಲಿ ಪಾಲಿದೆ. ಇವರೂ ದುಡಿಯಬಲ್ಲರೆಂದು ದೇಶ ಕಾನೂನಿನ ಮೂಲಕ ಒಪ್ಪಿಕೊಂಡಂತಾಯಿತು.

ಆದರೆ ಕೆಲಸ ದೊರೆತರೆ ಸಾಲದು, ಅಲ್ಲಿಗೆ ತಲುಪಬೇಕು. ಹೆಬ್ಬಾಳದಲ್ಲಿ ವಾಹನಗಳು ನಿಲ್ಲದೆ ಓಡಲೆಂದು ದೊಡ್ಡ ಮೇಲುಸೇತುವೆಯನ್ನು ಕಟ್ಟಿದ್ದೇವೆ. ಅದರ ಕೆಳಗೆ ಊರುಗೋಲು ಹಿಡಿದವನು ರಸ್ತೆ ದಾಟುವುದನ್ನು ಒಮ್ಮೆ ನಿಂತು ನೋಡಿದರೆ, ನಗರವನ್ನು ಯಾರಿಗಾಗಿ ಕಟ್ಟುತ್ತಿದ್ದೇವೆಂಬ ಸಂದೇಹ ಬರುತ್ತದೆ. ಯಶವಂತಪುರಕ್ಕೆ 2014ರಲ್ಲಿ ಬಂದ ಮೆಟ್ರೋ ರೈಲಿನ ನಿಲ್ದಾಣದಲ್ಲಿ ಇದಕ್ಕೆ ಭಿನ್ನವಾದ ನೋಟವಿದೆ. ಅಲ್ಲಿ ಲಿಫ್ಟ್ ಇದೆ. ನೆಲದ ಮೇಲೆ ಅಂಧರ ಪಾದಕ್ಕೂ ಕೋಲಿಗೂ ದಾರಿ ಹೇಳುವ ಉಬ್ಬುಗೀರಿನ ಹಾಸುಗಲ್ಲುಗಳಿವೆ. ಕಟ್ಟಡದ ಬಾಗಿಲಿಗೆ ಇಳಿಜಾರು ಹಾದಿ ಮಾಡುವುದೂ ದೊಡ್ಡ ವಿದ್ಯೆಯಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿದ್ದರೆ ಗಾಲಿಕುರ್ಚಿಯವನು ಆಯಾಸವಿಲ್ಲದೆ ಏರಬಲ್ಲ. ಒಮ್ಮೆ ಅದನ್ನು ಕಟ್ಟಿದರೆ ಮಂಡಿನೋವಿನ ಅಜ್ಜಿ, ಮೂಟೆ ಹೊತ್ತ ಕೂಲಿಯವನು, ಮಗುವಿನ ಗಾಡಿ ತಳ್ಳುವ ತಾಯಿ ಎಲ್ಲರೂ ಆ ಹಾದಿಯಲ್ಲೇ ಬರುತ್ತಾರೆ.

ಈ ಎಲ್ಲ ವಿಚಾರಗಳೂ ಒಂದು ಮನೆಯೊಳಗೆ ಹೇಗೆ ನಡೆಯುತ್ತವೆಂಬುದನ್ನು ನಾನು ನಮ್ಮ ಬೀದಿಯ ಒಂದು ಕುಟುಂಬದಲ್ಲಿ ಕಂಡಿದ್ದೇನೆ. ಆ ಮನೆಯ ಮಗನಿಗೆ ಈಗ ಇಪ್ಪತ್ತೆಂಟರ ಹರೆಯ. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಓದು ಬರಹ ಹೆಚ್ಚು ಹತ್ತಲಿಲ್ಲ. ಇಪ್ಪತ್ತರಾಚೆ ಎಣಿಕೆ ತಪ್ಪುತ್ತದೆ. ತಂದೆ ನಿವೃತ್ತ ನೌಕರರು. ಮಗನಿಗೆ ಹದಿನಾರು ತುಂಬಿದಾಗ ತಾಯಿ ಒಂದು ನಿಶ್ಚಯ ಮಾಡಿದರು: ಅವನು ಮಾಡಬಲ್ಲ ಯಾವ ಕೆಲಸವನ್ನೂ ತಾನು ಮಾಡಕೂಡದು. ತಲೆ ಬಾಚುವುದು, ಬಟ್ಟೆ ಮಡಿಸುವುದು, ಅನ್ನಕ್ಕೆ ನೀರಿಡುವುದು, ಅಂಗಡಿಯಿಂದ ಹಾಲು ತರುವುದು ಒಂದೊಂದೂ ತಿಂಗಳುಗಟ್ಟಲೆ ನಡೆದ ಪಾಠ.

ಎಲ್ಲಕ್ಕಿಂತ ಕಠಿಣವಾದದ್ದು ಬಸ್ಸಿನ ಪಾಠ. ಯಲಹಂಕದಿಂದ ಹೆಬ್ಬಾಳದ ಕಡೆಗೆ ಹೋಗುವ ದಾರಿಯಲ್ಲಿ ಒಂದು ನರ್ಸರಿಯವರು ಅವನಿಗೆ ಕೆಲಸ ಕೊಡಲು ಒಪ್ಪಿದ್ದರು. ಬಸ್ಸಿನ ಹಲಗೆಯನ್ನು ಅವನು ಓದಲಾರ; ಆದರೆ ಅಂಕಿಗಳ ಆಕಾರವನ್ನು ಚಿತ್ರದಂತೆ ನೆನಪಿಡಬಲ್ಲ. ತಾಯಿ ಆ ಅಂಕಿಗಳನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಅವನ ಜೇಬಿನಲ್ಲಿಟ್ಟರು. ಮೊದಲ ತಿಂಗಳು ಅವನ ಪಕ್ಕದಲ್ಲಿಯೇ ಕುಳಿತು ಹೋದರು. ಎರಡನೆಯ ತಿಂಗಳು ಅದೇ ಬಸ್ಸಿನಲ್ಲಿ, ದೂರದ ಆಸನದಲ್ಲಿ. ಮೂರನೆಯ ತಿಂಗಳು ಅವನನ್ನು ಹತ್ತಿಸಿ ಹಿಂದಿನ ಬಸ್ಸಿನಲ್ಲಿ ಹೋಗಿ, ಇಳಿದನೇ ಎಂದು ನೋಡಿ ಬಂದರು. ನಾಲ್ಕನೆಯ ತಿಂಗಳು ಬಾಗಿಲಲ್ಲಿ ನಿಂತು ಕಳುಹಿಸಿದರು. ಒಂದು ದಿನ ಅವನು ನಿಲ್ದಾಣ ತಪ್ಪಿ ಮುಂದೆ ಹೋದದ್ದುಂಟು. ಕಂಡಕ್ಟರಿಗೆ ರಟ್ಟಿನ ಹಿಂಬದಿಯ ವಿಳಾಸವನ್ನು ತೋರಿಸಿ, ಎದುರು ಬಸ್ಸು ಹಿಡಿದು ಹಿಂದಿರುಗಿದ. ಆ ದಿನ ಮನೆಯಲ್ಲಿ ಪಾಯಸ ಮಾಡಿದರಂತೆ. ದಾರಿ ತಪ್ಪಿ ಮತ್ತೆ ಕಂಡುಕೊಂಡದ್ದು, ತಪ್ಪದೆ ಹೋದದ್ದಕ್ಕಿಂತ ದೊಡ್ಡದೆಂದು ಆ ತಾಯಿಗೆ ಗೊತ್ತಿತ್ತು.

"ಅವನಿಗೆ ಕಲಿಸೋದು ಅಷ್ಟು ಕಷ್ಟ ಆಗ್ಲಿಲ್ಲ, ಮೇಷ್ಟ್ರೇ. ನನ್ನ ಕೈಯನ್ನ ನಾನು ಹಿಂದಕ್ಕೆ ಎಳ್ಕೊಳ್ಳೋದೇ ಕಷ್ಟ ಆಯ್ತು" ಎಂದು ಒಮ್ಮೆ ಅವರು ಹೇಳಿದರು. ಮಕ್ಕಳನ್ನು ಬೆಳೆಸುವ ಎಲ್ಲರೂ ನೆನಪಿಡಬೇಕಾದ ಮಾತಿದು.

ನರ್ಸರಿಯ ಯಜಮಾನರ ಜಾಣತನವನ್ನೂ ಹೇಳಬೇಕು. ಹುಡುಗನ ಕೆಲಸ ಚೀಲಗಳಿಗೆ ಮಣ್ಣು ತುಂಬುವುದು. ನೂರು ಚೀಲ ತುಂಬು ಎಂದರೆ ಅವನಿಗೆ ಎಣಿಸಲಾಗದು. ಯಜಮಾನರು ಇಪ್ಪತ್ತು ಚೀಲ ಹಿಡಿಸುವ ಐದು ತಟ್ಟೆಗಳನ್ನು ಸಾಲಾಗಿಟ್ಟು, "ಇವೆಲ್ಲ ತುಂಬಿದರೆ ಬೆಳಗಿನ ಕೆಲಸ ಮುಗಿಯಿತು" ಎಂದರು. ಎಣಿಕೆಯ ತೊಂದರೆ ಅಲ್ಲಿಗೆ ತೀರಿತು. ಕಾನೂನಿನ ಭಾಷೆಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಆ ಯಜಮಾನರಿಗೆ ಅದು ಐದು ತಟ್ಟೆಗಳ ವಿಷಯ ಮಾತ್ರ. ಮೊದಲ ಸಂಬಳ ಬಂದ ದಿನ ಹುಡುಗ ತಾನೇ ಅಂಗಡಿಗೆ ಹೋಗಿ, ತಾನೇ ಬೆರಳು ಮಾಡಿ ತೋರಿಸಿ, ಅರ್ಧ ಕಿಲೋ ಮೈಸೂರು ಪಾಕು ತಂದು ಬೀದಿಗೆಲ್ಲ ಹಂಚಿದ. ಅಂದಿನವರೆಗೆ ಅವನು ಕೊಡಿಸಿದ್ದನ್ನು ತಿಂದವನು, ಅಂದು ಕೊಡುವವನಾದ.

ಇಷ್ಟಾದ ಮೇಲೂ ಆ ತಾಯಿತಂದೆಯರ ಎದೆಯಲ್ಲಿ ಒಂದು ಪ್ರಶ್ನೆ ಉಳಿದೇ ಇತ್ತು. ಅಂಗವಿಕಲ ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ರಾತ್ರಿ ದೀಪ ಆರಿದ ಬಳಿಕ ಏಳುವ ಪ್ರಶ್ನೆ ಅದು: 'ನಾವು ಹೋದ ಮೇಲೆ ಇವನಿಗೆ ಯಾರು?' ಅನೇಕರು ಇದನ್ನು ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ಅಪಶಕುನವೆಂದು ಅಂಜುತ್ತಾರೆ. ದೇವರಿದ್ದಾನೆ ಎಂದು ಸುಮ್ಮನಾಗುತ್ತಾರೆ. ದೇವರಿರಲಿ, ಕಾಗದಪತ್ರವೂ ಇರಲಿ ಎಂದವರು ಈ ದಂಪತಿಗಳು.

ಮಕ್ಕಳಿಗೆ ಹದಿನೆಂಟು ತುಂಬಿದೊಡನೆ ತಂದೆತಾಯಿಗಳ ಸಹಜ ಪಾಲಕತ್ವ ಕಾನೂನಿನ ಕಣ್ಣಿನಲ್ಲಿ ಕೊನೆಗೊಳ್ಳುತ್ತದೆ ಎಂಬುದು ಬಹಳ ಜನಕ್ಕೆ ತಿಳಿಯದು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಯ ನ್ಯೂನತೆ ಮತ್ತು ಬಹುವಿಧ ನ್ಯೂನತೆ ಇರುವವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸದ ಕಾಯಿದೆ ಬಂತು. ಅದರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಿ, ಅಗತ್ಯವಿದ್ದವರಿಗೆ ಪಾಲಕರನ್ನು ನೇಮಿಸಿಕೊಳ್ಳಬಹುದು. ಅದೇ ನ್ಯಾಸದ 'ನಿರಾಮಯ' ಎಂಬ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆಯಿದೆ. 2016ರ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾಲಕನು ತನ್ನಿಷ್ಟದಂತೆ ನಡೆಯದೆ ಅಂಗವಿಕಲನೊಡನೆ ಸಮಾಲೋಚಿಸಿ ತೀರ್ಮಾನಿಸುವ ಸೀಮಿತ ಪಾಲಕತ್ವವನ್ನು ಹೇಳಿತು. ಕೇಂದ್ರ ಸರ್ಕಾರದ ನೌಕರರಿಗೆ ದುಡಿಯಲಾರದ ಅಂಗವಿಕಲ ಮಕ್ಕಳಿದ್ದರೆ, ಅವರ ಕಾಲಾನಂತರ ಆ ಮಕ್ಕಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಸಲ್ಲುವ ನಿಯಮವೂ ಇದೆ. ಇವೆಲ್ಲಕ್ಕೂ ಪ್ರಮಾಣಪತ್ರ, ಗುರುತಿನ ಚೀಟಿ, ಬ್ಯಾಂಕಿನ ಖಾತೆ ಸಿದ್ಧವಾಗಿರಬೇಕು. ತಂದೆ ಇವನ್ನೆಲ್ಲ ಒಂದೊಂದಾಗಿ ಮಾಡಿಸಿದರು; ಮನೆಯ ಬಗ್ಗೆ ಮರಣಶಾಸನವನ್ನು ಬರೆಸಿದರು.

ತಾಯಿ ಮಾಡಿದ್ದು ಬೇರೊಂದು ಕೆಲಸ. ಅವರು ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ಕೊಂಡು ಅದರಲ್ಲಿ ಮಗನ ವಿಷಯವನ್ನು ಬರೆಯತೊಡಗಿದರು. ಗುಡುಗೆಂದರೆ ಅಂಜುತ್ತಾನೆ, ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಬೇಕು. ಅವಸರ ಮಾಡಿದರೆ ಮಾತು ನಿಲ್ಲಿಸುತ್ತಾನೆ, ಕಾದರೆ ಹೇಳುತ್ತಾನೆ. ಹಲ್ಲುನೋವು ಬಂದರೆ ನೋವೆನ್ನುವುದಿಲ್ಲ, ಊಟ ಬಿಡುತ್ತಾನೆ. ಭಾನುವಾರ ಎಣ್ಣೆಸ್ನಾನ ಇಷ್ಟ. ಯಾವ ಮಾತ್ರೆ, ಯಾವ ವೈದ್ಯರು, ಯಾವ ಗೆಳೆಯರು. ಯಾವ ಕಾನೂನೂ ಬರೆಯಲಾರದ ಈ ಸಂಗತಿಗಳನ್ನು ತಾಯಿ ಮಾತ್ರ ಬರೆಯಬಲ್ಲಳು. ನಾಳೆ ಯಾರೇ ಬಂದು ಅವನ ಜೊತೆ ನಿಂತರೂ ಆ ಪುಸ್ತಕವನ್ನು ಓದಿದರೆ ಅವನನ್ನು ಅರಿಯಬಹುದು.

ಮಗಳು ದಾವಣಗೆರೆಯಲ್ಲಿದ್ದಾಳೆ. ತಾನು ತಮ್ಮನನ್ನು ಕರೆದುಕೊಂಡು ಹೋಗುವೆನೆಂದು ಅವಳು ಪ್ರೀತಿಯಿಂದ ಹೇಳಿದಳು. ತೀರ್ಮಾನ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ತಾಯಿ ಮಗನನ್ನು ಕರೆದು ಕೂರಿಸಿ, ಅವನಿಗೆ ತಿಳಿಯುವಂತೆ ನಿಧಾನವಾಗಿ ವಿಷಯವನ್ನು ಹೇಳಿ ಅವನ ಇಷ್ಟವನ್ನು ಕೇಳಿದರು. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಕ್ಕನ ಊರಲ್ಲಿ ನನ್ನ ನರ್ಸರಿ ಇಲ್ಲ" ಎಂದ. ಅವನ ದೃಷ್ಟಿಯಲ್ಲಿ ಬಾಳೆಂದರೆ ಆ ಬಸ್ಸು, ಆ ಐದು ತಟ್ಟೆ, ಅಲ್ಲಿಯ ಗೆಳೆಯರು. ಅವನ್ನು ಬಿಡಿಸಿ ಕೊಡುವ ಪ್ರೀತಿ ಅವನಿಗೆ ಬೇಡವಾಗಿತ್ತು. ಈಗ ಆ ದಂಪತಿಗಳು ತಮ್ಮಂಥ ಇನ್ನೆರಡು ಕುಟುಂಬಗಳೊಡನೆ ಮಾತನಾಡುತ್ತಿದ್ದಾರೆ. ಯಲಹಂಕದಲ್ಲಿಯೇ ಮೂವರು ಮಕ್ಕಳೂ ಒಂದು ಮನೆಯಲ್ಲಿದ್ದು, ಸಹಾಯಕ್ಕೆ ಒಬ್ಬರನ್ನಿಟ್ಟುಕೊಂಡು, ಅಕ್ಕತಂಗಿಯರು ಸರದಿಯಂತೆ ಬಂದು ನೋಡಿಕೊಳ್ಳುವ ಏರ್ಪಾಡು ಅವರ ಮನಸ್ಸಿನಲ್ಲಿದೆ. ಖರ್ಚಿನ ಲೆಕ್ಕ ಇನ್ನೂ ಕೂಡಿಬಂದಿಲ್ಲ. ನಂಬಿಕೆಯ ಸಹಾಯಕರು ಇನ್ನೂ ದೊರೆತಿಲ್ಲ. ತಿಂಗಳಿಗೆ ಎರಡು ದಿನ ಮೂವರನ್ನೂ ಒಂದೇ ಮನೆಯಲ್ಲಿ ಬಿಟ್ಟು ಅಭ್ಯಾಸ ಮಾಡಿಸುತ್ತಿದ್ದಾರೆ. ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿಲ್ಲವಾದರೂ ಉತ್ತರವನ್ನು ಹುಡುಕುವ ಕೆಲಸ ತಾವು ಗಟ್ಟಿಯಾಗಿರುವಾಗಲೇ ಆರಂಭವಾಗಿದೆ. ಅವರ ಮುಖದ ಮೇಲಿನ ಕಳವಳ ಅಷ್ಟರಿಂದಲೇ ಅರ್ಧ ಇಳಿದಿರುವುದನ್ನು ನಾನು ಬಲ್ಲೆ.

ಒಂಬತ್ತನೆಯ ತರಗತಿಯಲ್ಲಿ ಓದುವ ನೀವು ನಾಳೆ ಮನೆ ಕಟ್ಟುವವರಾಗುತ್ತೀರಿ, ಅಂಗಡಿ ಇಡುವವರಾಗುತ್ತೀರಿ, ಕಚೇರಿಯ ಮೇಜಿನ ಹಿಂದೆ ಕುಳಿತುಕೊಳ್ಳುತ್ತೀರಿ. ಕೆಲವರು ಯಂತ್ರಗಳನ್ನು ರೂಪಿಸುತ್ತೀರಿ, ಕೆಲವರು ಕಾನೂನನ್ನು ಮಾಡುತ್ತೀರಿ. ಮನೆ ಕಟ್ಟುವಾಗ ಒಂದು ಇಳಿಜಾರು ಹಾದಿ, ಕೆಲಸ ಹಂಚುವಾಗ ಐದು ತಟ್ಟೆ, ಅರ್ಜಿ ಹಿಡಿದು ಬಂದವನು ತೊದಲಿದರೆ ಎರಡು ನಿಮಿಷದ ತಾಳ್ಮೆ: ಇಷ್ಟನ್ನು ನಿಮ್ಮ ನಿಮ್ಮ ಜಾಗದಲ್ಲಿ ನೀವು ಮಾಡಬಲ್ಲಿರಿ. ಅದಕ್ಕೂ ಮೊದಲು, ನಿಮ್ಮ ತರಗತಿಯಲ್ಲಿಯೇ ಅಂಥ ಗೆಳೆಯನೋ ಗೆಳತಿಯೋ ಇದ್ದರೆ, ನೆರವು ನೀಡಲು ಮುನ್ನುಗ್ಗುವ ಮುನ್ನ, 'ನಿನಗೇನು ಬೇಕು?' ಎಂದು ಕೇಳಿರಿ. ಕೇಳಿ, ಉತ್ತರ ಬರುವವರೆಗೂ ಕಾಯಿರಿ. ತನ್ನ ಕಾಲ ಮೇಲೆ ನಿಲ್ಲುವ ಹಕ್ಕು ಎಲ್ಲರಿಗೂ ಇದೆ. ನಿಲ್ಲಲು ಬೇಕಾದ ನೆಲವನ್ನು ಹದ ಮಾಡುವ ಹೊಣೆ ನಮ್ಮೆಲ್ಲರದು.